ಹದಿಮೂರು ಮಿಲಿಮೀಟರ್

ಹರಾಜು ಕೂಗುವವನ ಗಂಟಲೊಳಗಿನ ಗಡ್ಡೆಯನ್ನು ವೈದ್ಯೆ ಪರದೆಯ ಮೇಲೆ ಮೂರು ಸಲ ಅಳೆದಳು. ಹೊಸ ಔಷಧಿಯ ಪ್ರಯೋಗಕ್ಕೆ ಸೇರುವಾಗ ಹತ್ತು ಮಿಲಿಮೀಟರ್ ಇದ್ದದ್ದು ಈಗ ಹದಿಮೂರಾಗಿತ್ತು. ಹನ್ನೆರಡು ದಾಟಿದರೆ ಔಷಧಿ ನಿಲ್ಲಿಸಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂಬುದು ನಿಯಮ.

"ಒಂದೇ ಒಂದು ಮಿಲಿಮೀಟರ್ ತಾನೇ ತಾಯಿ, ಹನ್ನೆರಡು ಅಂತ ಬರೆದುಬಿಡಿ," ಅವನು ಗೊಗ್ಗರು ದನಿಯಲ್ಲಿ ಅಂಗಲಾಚಿದ. "ಕೂಗೋದು ಬಿಟ್ರೆ ನಂಗೇನು ಬರುತ್ತೆ?"

ಅವಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಹನ್ನೆರಡು ಬರೆದರೆ ದನಿ ಎರಡು ತಿಂಗಳು ಉಳಿದೀತು, ಆಮೇಲೆ ಮನುಷ್ಯನೇ ಉಳಿಯಲಾರ. ಹದಿಮೂರು ಎಂದು ಬರೆದಳು.

"ನೀವು ಒಂದ್ಸಲ ಕೂಗಿದ ಬೆಲೆ ಇಳಿಸ್ತೀರಾ ಯಜಮಾನ್ರೇ?"

ಅವನು ಬಗ್ಗಿ ಕಾಗದದ ಮೇಲಿನ ಅಂಕಿ ನೋಡಿದ. "ಆಪರೇಷನ್ ಯಾವತ್ತು?"

"ಗುರುವಾರ."

"ಅಲ್ಲೀವರೆಗೆ ನನ್ನ ಬಾಯಿ ಮುಚ್ಚಿಸೋಕೆ ಹೆಂಡ್ತಿ ಕೈಲೂ ಆಗಲ್ಲ, ಬಿಡಿ."