ಕಾಲು ತೆಗೆ, ಗುಂಡ

ಅಮ್ಮನ ಕಾರಿನ ಕೀಲಿಕೈಯನ್ನು ಮಗ ತನ್ನ ಜೇಬಿಗೆ ಇಳಿಸಿದ ದಿನ ಮನೆಯಲ್ಲಿ ಜಗಳವೇ ಆಗಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಾಕಮ್ಮ. ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಆಫ್ ಆಗುತ್ತೆ ಅಂತೀಯ. ಮೊನ್ನೆ ಹಿಂದಿದ್ದ ಲಾರಿಯವನು ಇನ್ನೇನು ಗುದ್ದಿಬಿಡ್ತಿದ್ದ. ನಿನಗೆ ಕ್ಲಚ್ ಹದ ತಪ್ಪಿದೆ" ಎಂದ. ಅಷ್ಟು ಮೆತ್ತಗೆ ಹೇಳಿದ್ದಕ್ಕೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಹೇಳಿದವನಾದರೂ ಯಾರು? ಗುಂಡ! ಹುಟ್ಟಿದಾಗ ದುಂಡಗಿದ್ದನೆಂದು ಬಿದ್ದ ಹೆಸರು. ಈಗ ಕಡ್ಡಿಯಂತಾಗಿದ್ದರೂ ಹೆಸರು ಮಾತ್ರ ಕರಗಿಲ್ಲ. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಇವನಿಗೆ ಹೇಳಿಕೊಟ್ಟವಳೇ ಅವಳು. ಈಗ ಸ್ವಂತ ಗ್ಯಾರೇಜ್ ಇಟ್ಟುಕೊಂಡು ದೊಡ್ಡ ಮನುಷ್ಯನಾಗಿದ್ದಾನೆ. ಕೆಟ್ಟವನೇನಲ್ಲ, ಪಾಪ. ಪ್ಲಗ್ ಬದಲಿಸಿ, ಫಿಲ್ಟರ್ ಬದಲಿಸಿ, ತಾನೇ ಊರೆಲ್ಲ ಸುತ್ತಿ ನೋಡಿದ್ದ. ಅವನ ಕೈಯಲ್ಲಿ ಕಾರು ಒಂದು ಸಲವೂ ಆಫ್ ಆಗಲಿಲ್ಲ. ಕಾರು ಸರಿಯಿದೆ ಎಂದಮೇಲೆ ಕೆಟ್ಟಿರುವುದು ಅಮ್ಮನ ಕಾಲೇ ಇರಬೇಕು.

ಅವಳಿಗೂ ಒಳಗೊಳಗೇ ಅಳುಕು ಶುರುವಾಗಿತ್ತು. ಊಟದ ಮೇಜಿನ ಕೆಳಗೆ ಎಡಗಾಲಿನಿಂದ ನೆಲ ಒತ್ತುವುದು, ನಿಧಾನವಾಗಿ ಬಿಡುವುದು, ಹೀಗೆ ಕದ್ದುಮುಚ್ಚಿ ಕ್ಲಚ್ ಅಭ್ಯಾಸ ಮಾಡುತ್ತಿದ್ದಳು. ಸೊಸೆ "ಕಾಲು ನೋವಾ ಅತ್ತೆ?" ಎಂದರೆ "ಜೋಮು ಹಿಡಿದಿದೆ ಕಣೇ" ಎಂದು ಮಾತು ತೇಲಿಸಿಬಿಡುತ್ತಿದ್ದಳು. ಕಾರು ಹೋದರೆ ಹಾಳಾಗಿ ಹೋಗಲಿ. ಊರಿನ ಇನ್ನೊಂದು ತುದಿಯಲ್ಲಿ ಮಂಡಿನೋವಿನಿಂದ ಮನೆ ಹಿಡಿದು ಕೂತ ಅಕ್ಕನನ್ನು ವಾರಕ್ಕೊಮ್ಮೆ ಹೊರಗೆ ಕರೆದೊಯ್ಯುವವರು ಯಾರು? ಗಾಜು ಇಳಿಸಿಕೊಂಡು, ಸಿಕ್ಕಸಿಕ್ಕವರನ್ನೆಲ್ಲ ಆಡಿಕೊಂಡು, ಇಬ್ಬರೂ ನದಿ ದಂಡೆಯವರೆಗೆ ಹೋಗಿಬರುತ್ತಿದ್ದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದು ಆ ಕಾರಿನಲ್ಲಿ ಮಾತ್ರ.

ಆ ವಾರ ಗುಂಡನೇ "ಬಾ, ದೊಡ್ಡಮ್ಮನ ಮನೆಗೆ ನಾನೇ ಬಿಡ್ತೀನಿ" ಎಂದ. ಅವಳು ಪಕ್ಕದ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಳು. ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮಗನ ಮುಖ ನೋಡಲು ಮನಸ್ಸಿಲ್ಲದೆ ಕಾಲು ನೋಡಿದಳು. ಕಾರು ನಿಂತಿದೆ, ಗೇರು ನ್ಯೂಟ್ರಲ್‌ನಲ್ಲಿದೆ, ಆದರೂ ಅವನ ಬಲಗಾಲು ಆಕ್ಸಿಲರೇಟರನ್ನು ಬುರ್ ಬುರ್ ಎಂದು ಮೀಟುತ್ತಲೇ ಇದೆ. ಗ್ಯಾರೇಜಿನವರ ಚಾಳಿ! ದಿನವಿಡೀ ಇಂಜಿನ್ ರೇಸ್ ಮಾಡಿ ಸದ್ದು ಕೇಳುವವರ ಕಾಲು ಸುಮ್ಮನಿರುವುದುಂಟೇ?

"ಕಾಲು ತೆಗೆ, ಗುಂಡ."

"ಏನಮ್ಮ?"

"ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯೋ ಅಂದೆ. ನಾನು ನಿಲ್ಲಿಸೋ ಹಾಗೆ ನಿಲ್ಲಿಸು."

ತೆಗೆದ. ಇಂಜಿನ್ ಚಳಿಜ್ವರ ಬಂದವರಂತೆ ಗಡಗಡ ನಡುಗಿ, ಒಮ್ಮೆ ಕೆಮ್ಮಿ, ಆಫ್ ಆಯಿತು. ಹಿಂದಿನವರು ಹಾರನ್ ಬಡಿಯತೊಡಗಿದರು. ಗುಂಡನ ಮುಖ ನೋಡಬೇಕಿತ್ತು!

ಹೇಗೋ ಸ್ಟಾರ್ಟ್ ಮಾಡಿ, ರಸ್ತೆ ಬದಿಗೆ ತಂದು, ಅಮ್ಮನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಆಫ್ ಆಗದ ಹಾಗೆ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿಹಿಡಿಯಲು ಹೇಳಿ, ಬಾನೆಟ್ ಎತ್ತಿದ. "ಓಡುವಾಗ ಚೆನ್ನಾಗಿದೆ, ನಿಂತಾಗ ಮಾತ್ರ ಸಾಯುತ್ತೆ" ಎಂದು ಗೊಣಗಿಕೊಂಡ. ಆಮೇಲೆ ತಲೆ ಚಚ್ಚಿಕೊಂಡ. "ಇಜಿಆರ್ ವಾಲ್ವ್! ಹೊಗೇಲಿ ಸ್ವಲ್ಪನ ವಾಪಸ್ ಇಂಜಿನ್‌ಗೆ ಬಿಡೋದು ಇದೇ ಅಮ್ಮ. ನಿಂತಾಗ ಇದು ಬಾಯಿ ಮುಚ್ಕೊಂಡಿರಬೇಕು. ಇಲ್ಲದಿದ್ರೆ ಇಂಜಿನ್‌ಗೆ ಉಸಿರು ಕಟ್ಟುತ್ತೆ."

ವಾಲ್ವನ್ನು ಎಳೆದು ತೆರೆಯುವ ಸಣ್ಣ ರಬ್ಬರ್ ಪೈಪನ್ನು ಕಿತ್ತ. ಈಗ ಅದು ತಾನಾಗಿಯೇ ಮುಚ್ಚಿಕೊಳ್ಳಬೇಕಿತ್ತು. ನಡುಕ ನಿಲ್ಲಲಿಲ್ಲ. ಅಂದರೆ ವಾಲ್ವೇ ತೆರೆದಲ್ಲಿ ಸಿಕ್ಕಿಕೊಂಡಿದೆ. ಸ್ಪ್ಯಾನರಿನ ಹಿಡಿಯಿಂದ ಟಕ್ ಟಕ್ ಎಂದು ತಟ್ಟಿದ.

"ಈಗ ಕಾಲು ತೆಗೆಯಮ್ಮ."

ತೆಗೆದಳು. ಇಂಜಿನ್ ಅಲುಗಾಡದೆ, ಒಂದೇ ಸಮನೆ ಓಡುತ್ತಿತ್ತು.

"ಹಾಗಾದ್ರೆ... ನನ್ನ ಕಾಲು?"

"ನಿನ್ನ ಕಾಲಿಗೇನಾಗಿದೆ, ಗುಂಡುಕಲ್ಲಿನ ಹಾಗಿದೆ! ಕೆಟ್ಟಿದ್ದು ನನ್ನ ಕಾಲು."

ಅವಳು ಅಲ್ಲೇ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಅಳುತ್ತಲೇ ಬೈದಳು. "ಎಷ್ಟು ಹೆದರಿಸಿಬಿಟ್ಟೆಯೋ ಮುಂಡೇದೆ! ನಾನು ಕೈಲಾಗದವಳಾಗಿಬಿಟ್ಟೆ ಅಂದ್ಕೊಂಡಿದ್ದೆ." ಅವನು ಮಸಿಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಆದರೂ ಮುಟ್ಟಲು ಹಿಂಜರಿದು, ಮೊಣಕೈಯಿಂದ ಅವಳ ಭುಜ ತಟ್ಟಿದ.

ಗ್ಯಾರೇಜಿನಲ್ಲಿ ವಾಲ್ವ್ ಬಿಚ್ಚಿದಾಗ ಒಳಗೆಲ್ಲ ಗಟ್ಟಿ ಮಸಿ. ಬ್ರಷ್‌ನಿಂದ ಉಜ್ಜಿ ತೊಳೆಯುತ್ತ, "ಆಮೆ ಥರ ಓಡಿಸಿದ್ರೆ ಮಸಿ ಕಟ್ಟದೆ ಇನ್ನೇನಾಗುತ್ತೆ? ಆಗಾಗ ದೊಡ್ಡ ರಸ್ತೇಲಿ ಜೋರಾಗಿ ಓಡಿಸಬೇಕು" ಎಂದ.

"ಈ ಮಾತನ್ನ ನಿನ್ನ ದೊಡ್ಡಮ್ಮನ ಮುಂದೆ ಹೇಳು" ಎಂದು ಅವಳು ಕೈ ಚಾಚಿದಳು. ಗುಂಡ ತೆಪ್ಪಗೆ ಕೀಲಿಕೈ ಕೊಟ್ಟ.

ಮರುದಿನ ದೊಡ್ಡ ರಸ್ತೆಯಲ್ಲಿ ಕಾರು ಗಾಳಿ ಸೀಳಿಕೊಂಡು ಹೊರಟಿತು. ಹಿಂದಿನ ಸೀಟಿನಲ್ಲಿ ಅಕ್ಕ "ಇನ್ನೂ ಜೋರಾಗಿ ಬಿಡೇ!" ಎಂದು ಕೇಕೆ ಹಾಕುತ್ತಿದ್ದಳು. ಪಕ್ಕದಲ್ಲಿ ಗುಂಡ ಬಾಗಿಲಿನ ಹಿಡಿಗೆ ಜೋತುಬಿದ್ದಿದ್ದ. ಮುಂದೆ ಕೆಂಪು ದೀಪ ಕಂಡಿತು. ಅವಳು ಹದವಾಗಿ ಬ್ರೇಕ್ ಹಾಕಿದಳು. ಪಕ್ಕದಲ್ಲಿ ಅವನೂ, ಬ್ರೇಕೇ ಇಲ್ಲದ ಜಾಗದಲ್ಲಿ, ಎರಡೂ ಕಾಲಿನಿಂದ ಮ್ಯಾಟನ್ನು ಒತ್ತಿ ಹಿಡಿದ. ಕಾರು ನಿಂತಿತು. ಇಂಜಿನ್ ನಿಲ್ಲಲಿಲ್ಲ.

ಅವಳು ರಸ್ತೆಯಿಂದ ಕಣ್ಣು ಕೀಳದೆ ಹೇಳಿದಳು, "ಕಾಲು ತೆಗೆ, ಗುಂಡ."