ಮಾಳಿಗೆಯ ಮೀಟರು

ಒಲೆ ಕಂಡರೆ ಸಾಕು, ಹೊತ್ತಿಸುವುದೇನೂ ಬೇಡ ಎಂದು ಅಣ್ಣ ಮೂರನೇ ಸಲ ಹೇಳುವಾಗ ಸರ್ವಮಂಗಳ ಬೆಂಕಿಪೊಟ್ಟಣ ಹುಡುಕುತ್ತಿದ್ದಳು.

"ಸಂಜೆ ಪಕ್ಕದ್ಮನೆ ರಂಗಮ್ಮೋರಿಗೆ ವಾಪಸ್ ಕೊಡ್ಬೇಕು ಕಣೇ. ಬರೀ ತೋರ್ಸಕ್ಕೆ."

ಕುಣಿಗಲ್ಲಿನ ಈ ಮಾಳಿಗೆಗೆ ಅವಳು ಬಂದು ಹದಿನಾರು ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕೆಳಗಿನಿಂದ ಅತ್ತಿಗೆ ಶಶಿರೇಖಾ ಕೂಗಿದಾಗ ಊಟ. ಮದುವೆಯಾಗದವಳಿಗೆ ಅಡುಗೆಮನೆ ಎಂಥದ್ದು? ಆದರೆ ಒಂದೇ ಕಟ್ಟಡಕ್ಕೆ ಎರಡನೇ ಮೀಟರು ಬೇಕಾದರೆ ಎರಡನೇ ಸಂಸಾರ ಇರಬೇಕು, ಸಂಸಾರಕ್ಕೊಂದು ಒಲೆ ಇರಬೇಕು ಎಂದಿದ್ದರು ಕರೆಂಟ್ ಆಫೀಸಿನವರು. ಎರಡು ಮೀಟರಾದರೆ ಸರ್ಕಾರದ ಫ್ರೀ ಕರೆಂಟು ಎರಡು ಪಾಲು. ಅಣ್ಣ ಪರಮಶಿವಯ್ಯನಿಗೆ ತಂಗಿ ಇದ್ದಕ್ಕಿದ್ದಂತೆ ಒಂದು ಸಂಸಾರವಾಗಿ ಕಂಡಳು.

ಹನ್ನೊಂದಕ್ಕೆ ಆಫೀಸಿನವನು ಮೇಲೆ ಬಂದ. ಅವಳು ಹಾಲಿಟ್ಟಿದ್ದಳು.

"ಅಡುಗೆ ಬೇರೇನಾ ಮೇಡಂ?"

"ಪೂರ್ತಿ ಬೇರೆ ಸಾರ್," ಎಂದ ಅಣ್ಣ. ಅವಳನ್ನು ಕೇಳಿದ್ದಕ್ಕೂ ಅವನದೇ ಉತ್ತರ.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅವಳು ಆರಿಸಲಿಲ್ಲ.

"ಇದೇನೇ ಮಂಗಳಾ, ಹಾಲುಕ್ಕಿಸ್ತಿದೀಯ?" ಬಾಗಿಲಲ್ಲಿ ನಿಂತ ಅತ್ತಿಗೆಯ ಮುಖ ಬಿಳಿಚಿತ್ತು.

"ಹೊಸಮನೆ ಅಲ್ವಾ ಅತ್ತಿಗೆ."

ಉಳಿದ ಹಾಲಿಗೆ ಸಕ್ಕರೆ ಹಾಕಿ ಆಫೀಸಿನವನಿಗೆ ಕೊಟ್ಟಳು. ನಲವತ್ತಮೂರು ವರ್ಷದ ಬಾಳಿನಲ್ಲಿ ಅವಳ ಮನೆಗೆ ಬಂದ ಮೊದಲ ನೆಂಟ. ಅವನು ಕುಡಿದು, ಸಹಿ ಹಾಕಿಸಿಕೊಂಡು, ಕೆಳಗೆ ಹೊಸ ಮೀಟರು ಕೂರಿಸಿ ಸೀಲು ಹಾಕಿ ಹೋದ.

"ಒಲೆ ಇಳ್ಸು," ಎಂದ ಅಣ್ಣ.

"ಕೊಡಲ್ಲ. ರಂಗಮ್ಮೋರಿಗೆ ಹೊಸದು ತಂದ್ಕೊಡ್ತೀನಿ. ಇನ್ಮೇಲೆ ಕೆಳಗೆ ಉಣ್ಣಕ್ಕೂ ಬರಲ್ಲ."

"ಜನ ಏನಂತಾರೆ?"

"ಬೇರೆ ಅಂತ ನೀನೇ ಹೇಳಿದ್ಯಲ್ಲ ಅಣ್ಣ."

ಮೇಲಿನ ಫ್ಯಾನು, ದೀಪ ಎಲ್ಲ ಆರಿಸಿ, ಬೀಗ ಹಾಕಿ ಸ್ಕೂಲಿಗೆ ನಡೆದಳು. ದಾರಿಯುದ್ದಕ್ಕೂ ನಗು ಬಂತು. ಇಷ್ಟು ಸುಲಭವಿತ್ತೇ ಎಂದು ಸಿಟ್ಟೂ ಬಂತು.

ಸಂಜೆ ಆರಕ್ಕೆ ಅಕ್ಕಿ, ಬೇಳೆ, ಉಪ್ಪಿನ ಚೀಲ ಹಿಡಿದು ಬಂದಳು. ಮೆಟ್ಟಿಲ ಕೆಳಗೆ ಎರಡು ಮೀಟರು. ಒಂದರ ಮೇಲೆ ಅವಳ ಹೆಸರು ಬರೆದ ಚೀಟಿ, ಅದರಡಿ ಕೆಂಪು ದೀಪ ಮಿಣುಕುತ್ತಿತ್ತು. ಕರೆಂಟು ಖರ್ಚಾಗದೆ ಅದು ಮಿಣುಕುವುದಿಲ್ಲ. ಮಕ್ಕಳಿಗೆ ಅವಳೇ ಹೇಳಿಕೊಟ್ಟ ಪಾಠ. ಮೇಲೆ ಹೋಗಿ ನೋಡಿದಳು. ಎಲ್ಲ ಆರಿತ್ತು. ಇಳಿದು ಬಂದಳು. ಮಿಣುಕುತ್ತಲೇ ಇತ್ತು.

"ಮಧ್ಯಾಹ್ನ ವೈರಿಂಗ್ ರುದ್ರಯ್ಯನ್ನ ಕರೆಸಿ ವೈರು ಬದಲಾಯಿಸಿದ್ರು ನಿಮ್ಮಣ್ಣ," ಎಂದಳು ಅತ್ತಿಗೆ ಅಡುಗೆಮನೆಯಿಂದಲೇ. "ಗೀಸರು, ಮೋಟ್ರು, ಫ್ರಿಜ್ಜು, ಮಿಕ್ಸಿ ಎಲ್ಲ ನಿನ್ ಮೀಟ್ರಿಗೇ. ನೀನೊಬ್ಳು ಎಷ್ಟು ಉರಿಸ್ತೀಯ ಬುಡು."

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಹದಿನಾರು ವರ್ಷವೂ ಅವಳ ಸಂಬಳದಲ್ಲಿ ಇದೇ ನಡೆದಿತ್ತೇನೋ. ಮಿಣುಕಿದ್ದು ಮಾತ್ರ ಇವತ್ತು ಕಂಡಿತು.

ಚೀಲ ಕೆಳಗಿಟ್ಟು ತನ್ನ ಮೀಟರಿನ ಮೇನ್ ಸ್ವಿಚ್ಚು ಇಳಿಸಿದಳು. ಒಳಗೆ ಮಿಕ್ಸಿ ನಿಂತಿತು.

ಪರಮಶಿವಯ್ಯ ಬಂದ. "ಹಾಕೇ."

"ಹಾಕಲ್ಲ."

"ನಿಂಗೂ ಕತ್ತಲೆ ಕಣೇ."

"ಗೊತ್ತು."

ಅವನು ಕುರ್ಚಿ ತಂದು ಎದುರಿಗೇ ಕೂತ. ಅವಳು ಸ್ವಿಚ್ಚಿನ ಮೇಲಿಂದ ಕೈ ತೆಗೆದರೆ ಅವನು ಎದ್ದು ಹಾಕುತ್ತಾನೆ. ತೆಗೆಯದಿದ್ದರೆ ಮೇಲೆ ಹೋಗಿ ಅಕ್ಕಿ ಬೇಯಿಸುವಂತಿಲ್ಲ. ಕೆಂಪು ದೀಪ ಆರಿತ್ತು. ಕಾಲ ಬಳಿ ಚೀಲ ವಾಲಿ ಅಕ್ಕಿ ಸಣ್ಣಗೆ ಸುರಿಯತೊಡಗಿತು. ಅವಳು ಬಗ್ಗಲಿಲ್ಲ.