ಹುಣಸೂರು ರೈಲಿನ ಎರಡನೇ ದಿಬ್ಬ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಶಿವರುದ್ರಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಶುದ್ಧ ಸುಳ್ಳು. ಸಿಟ್ಟು ಬರುವಂಥ ಕೆಲಸವನ್ನು ಜನ ನನ್ನ ಮೂಗಿನ ಮುಂದೆಯೇ ಬಂದು ಮಾಡುತ್ತಾರೆ, ಅದಕ್ಕೆ ನಾನೇನು ಮಾಡಲಿ?

ಈ ಕೃಷ್ಣರಾಜನಗರದ ಕಡೆಯವರನ್ನೇ ನೋಡಿ. ಅವರಿಗೆ ರೈಲಿದೆ, ಹುಣಸೂರಿಗಿಲ್ಲ. ಇಲ್ಲದಿದ್ದರೆ ಬೇಡ, ನಮಗೆ ಬಸ್ಸಿದೆ. ಆದರೆ ಆ ಕಡೆಯ ಭೇರ್ಯದ ಬೆಲ್ಲದ ವ್ಯಾಪಾರಿ ಕಂಠಪ್ಪ ತನ್ನ ಲಾರಿ ರಿಪೇರಿಗೆಂದು ನನ್ನ ಶೆಡ್ಡಿಗೆ ಬಂದಾಗಲೆಲ್ಲ, "ಏನ್ ಚನ್ನಬಸವಣ್ಣೋರೇ, ನಿಮ್ಮೂರ ಟೇಸನ್ನು ಯಾವ್ ಬೀದಿಲೈತೆ?" ಎಂದು ಕೇಳದೆ ಬಾನೆಟ್ಟು ಎತ್ತಲು ಬಿಡುತ್ತಿರಲಿಲ್ಲ. ಹತ್ತು ವರ್ಷ ಕೇಳಿದ. ಐವತ್ತೇಳನೇ ಇಸವಿಯಲ್ಲಿ, ನಮ್ಮೂರ ಮೈದಾನದಲ್ಲಿ ಐದು ದಿನ ವ್ಯವಸಾಯ ಪ್ರದರ್ಶನ ನಡೆಯುತ್ತದೆ ಎಂದು ಡಂಗುರ ಹೊಡೆಸಿದ ದಿನ, ನಾನೇ ಒಂದು ರೈಲು ಮಾಡಿ ಬಿಡುತ್ತೇನೆ ನೋಡು ಎಂದೆ.

ಬಾಯಿಗೆ ಬಂದಂತೆ ಆಡಿದ ಮಾತಲ್ಲ ಅದು. ಯುದ್ಧಕಾಲದಲ್ಲಿ ಪಟಾಲಮ್ಮಿನ ಲಾರಿಗಳ ರಿಪೇರಿಗೆಂದು ಹಡಗು ಹತ್ತಿ ಹೋಗಿದ್ದವನು ನಾನು. ಪರದೇಶದ ಒಂದು ಊರಿನ ಸಮುದ್ರದ ದಂಡೆಯಲ್ಲಿ ದಿಬ್ಬಗಳ ಮೇಲೆ ಹಳಿ ಹಾಕಿ, ಎಂಜಿನ್ನೇ ಇಲ್ಲದ ರೈಲೊಂದನ್ನು ಓಡಿಸುತ್ತಿದ್ದರು. ಮೊದಲ ದಿಬ್ಬದಿಂದ ಜಾರಿದ ರಭಸದಲ್ಲೇ ಅದು ಮುಂದಿನದನ್ನು ಹತ್ತಿ, ಇಳಿದು, ಇನ್ನೊಂದನ್ನು ಹತ್ತಿ, ಸುತ್ತಿಕೊಂಡು ಹೊರಟ ಜಾಗಕ್ಕೇ ಬರುತ್ತಿತ್ತು. ಜನ ಪ್ರಾಣ ಹೋದವರ ಹಾಗೆ ಕಿರುಚಿಕೊಂಡು ಇಳಿಯುತ್ತಿದ್ದರು, ಇಳಿದವರೇ ಮತ್ತೆ ಹತ್ತುತ್ತಿದ್ದರು. ಅದರ ಗುಟ್ಟು ನನಗೆ ಅಂದೇ ತಿಳಿದಿತ್ತು. ಮೊದಲ ದಿಬ್ಬ ಎಲ್ಲಕ್ಕಿಂತ ಎತ್ತರ ಇರಬೇಕು, ಗಾಲಿ ಹಗುರವಾಗಿ ತಿರುಗಬೇಕು.

ಗಾಲಿ ಎಂದರೆ ನಮ್ಮಲ್ಲಿ ಇಮಾಮ್ ಸಾಬ್. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಮೂರು ತಾಲ್ಲೂಕಿನಲ್ಲಿ ಎಲ್ಲಿ ಒಳ್ಳೆಯ ಎತ್ತಿನ ಗಾಡಿ ಕಂಡರೂ ಅದರ ಗಾಲಿ ಅವರ ಕೈಯದು. ಅರವತ್ತು ದಾಟಿದ ಮನುಷ್ಯ, ನಮ್ಮಪ್ಪನ ಗಾಡಿಗೂ ಅವರೇ ಗಾಲಿ ಮಾಡಿದ್ದು. ಒಂದು ಜೋಡಿ ಗಾಲಿ ಕೊಡುವಾಗ ಜೊತೆಗೆ ಒಂದು ಮಾತನ್ನೂ ಕೊಡುತ್ತಿದ್ದರು: "ಏರು ಬಂದ್ರೆ ಇಳಿ, ಇಳಿಜಾರು ಬಂದ್ರೆ ಹಿಡಿ. ಎತ್ತಿನ ಶಾಪ ನನ್ ಗಾಲಿಗೆ ತಟ್ಟಬಾರ್ದು." ಈ ಮಾತು ಕೇಳಿಸಿಕೊಳ್ಳದೆ ಅವರ ಅಂಗಡಿಯಿಂದ ಯಾರೂ ಗಾಲಿ ಉರುಳಿಸಿಕೊಂಡು ಹೋದದ್ದಿಲ್ಲ.

ನನ್ನ ರೈಲಿನ ವಿಷಯ ಕೇಳಿ ಅವರು ಗಡ್ಡ ಸವರಿಕೊಂಡರು. "ಎಂಜಿನ್ ಇಲ್ಲ, ಎತ್ತಿಲ್ಲ, ಬರೀ ಗಾಲಿ. ಅಂದ್ರೆ ಓಡಿದ್ರೆ ನನ್ ಹೆಸ್ರು, ನಿಂತ್ರೂ ನನ್ ಹೆಸ್ರು. ಅಲ್ವಾ ಬಸಣ್ಣ?"

"ನಿಲ್ಲಲ್ಲ ಸಾಬ್ರೇ," ಎಂದೆ. ಈ ಮಾತನ್ನು ಆಮೇಲೆ ನಾನೇ ನುಂಗಬೇಕಾಯಿತು.

ಮರದ ಡಿಪೋದಿಂದ ದಿಮ್ಮಿ ತಂದು ಇಪ್ಪತ್ತಡಿ ಎತ್ತರದ ಅಟ್ಟ ಕಟ್ಟಿದೆವು. ಅದು ಮೊದಲ ದಿಬ್ಬ. ಉಳಿದ ಎರಡು ದಿಬ್ಬಗಳು ಮಣ್ಣು ಗುಡ್ಡೆ ಹಾಕಿ ಮೆಟ್ಟಿದಂಥವು. ಮರದ ಹಳಿಗೆ ಕಬ್ಬಿಣದ ಪಟ್ಟಿ ಹೊಡೆದು, ಮೂರು ಪುಟ್ಟ ಬಂಡಿಗಳನ್ನು ಒಂದರ ಹಿಂದೊಂದು ಕೊಂಡಿ ಹಾಕಿ ನಿಲ್ಲಿಸಿದೆವು. ಒಂದೊಂದರಲ್ಲಿ ನಾಲ್ಕು ಜನ. ಖಾಲಿ ಬಂಡಿಗಳನ್ನು ಕಪಿಲೆ ಬಾವಿಯ ಹಾಗೆ ರಾಟೆ ಹಗ್ಗ ಕಟ್ಟಿ ಎತ್ತುಗಳಿಂದ ಅಟ್ಟದ ಮೇಲಕ್ಕೆ ಎಳೆಸುವುದು, ಜನ ಏಣಿ ಹತ್ತಿ ಬಂದು ಕೂರುವುದು, ನಾನು ಮೇಲೆ ನಿಂತು ಬಂಡಿಗಳನ್ನು ತಡೆದಿಟ್ಟ ಸನ್ನೆಗೋಲು ಎಳೆದು ಬಿಡುವುದು. ಇಮಾಮ್ ಸಾಬರು ಅಟ್ಟದ ಕೆಳಗೇ ಇದ್ದು ಸಲಸಲಕ್ಕೂ ಅಚ್ಚು, ಗಾಲಿ ಕಳಚದಂತೆ ಹಿಡಿಯುವ ಕಡಾಣಿ ನೋಡುವುದು. ನಮ್ಮಿಬ್ಬರಿಗೂ ಎರಡನೇ ದಿಬ್ಬ ಕಾಣುತ್ತಿರಲಿಲ್ಲ. ಅಡ್ಡಕ್ಕೆ ಬೀಜ ಗೊಬ್ಬರದವರು ಒಂದು ದೊಡ್ಡ ಡೇರೆ ಹೊಡೆದಿದ್ದರು.

ಮೊದಲ ದಿನ ಹನ್ನೆರಡು ಜನರನ್ನು ಕೂರಿಸಿ ಬಿಟ್ಟೆ. ಗಡಗಡ ಎಂದು ಇಳಿಯಿತು, ಹೋ ಎಂದು ಜನ ಕೂಗಿದರು, ರೈಲು ಡೇರೆಯ ಹಿಂದೆ ಹೋಯಿತು. ಆಮೇಲೆ ಸದ್ದೇ ಇಲ್ಲ. ಓಡಿಹೋಗಿ ನೋಡಿದರೆ ರೈಲು ದಿಬ್ಬ ಹತ್ತಲಾರದೆ ಹಿಂದಕ್ಕೆ ಜಾರಿ ತಗ್ಗಿನಲ್ಲಿ ನಿಂತಿದೆ, ಜನರೆಲ್ಲ ಕೆಳಗಿಳಿದು ಸುತ್ತ ನಿಂತಿದ್ದಾರೆ.

"ಏನಾಯ್ತು?" ಎಂದೆ.

"ಏರು ಕಣಪ್ಪ," ಎಂದಳು ತರಕಾರಿ ಮಾರುವ ಬೀರಮ್ಮ, ಸೆರಗು ಕೊಡವುತ್ತ. "ಇಳುದ್ವಿ. ನಿಂತೋಯ್ತು."

ನಿಂತಿತು, ಇಳಿದರು ಎಂದು ನಾನು ತಿಳಿದೆ. ಎಲ್ಲರೂ ಸೇರಿ ತಳ್ಳಿ ದಿಬ್ಬ ದಾಟಿಸಿದರು. ಅಂದು ಆರು ಸಲ ಬಿಟ್ಟೆ, ಆರು ಸಲವೂ ತಳ್ಳಿದರು. ತಳ್ಳುವುದಕ್ಕೆ ಮಾತ್ರ ನಮ್ಮ ಜನ ಯಾವತ್ತೂ ಬೇಸರ ಮಾಡಿಕೊಂಡವರಲ್ಲ.

ಮಾರನೆಯ ದಿನ ಬೆಳಗ್ಗೆ ಅಚ್ಚುಗಳಿಗೆಲ್ಲ ಕೀಲೆಣ್ಣೆ ಸುರಿದೆವು. ಮಧ್ಯಾಹ್ನ ನಿಂತಿತು. ದಿಬ್ಬದ ತಲೆಯನ್ನು ಒಂದು ಮೊಳ ಕಡಿದೆವು. ಸಾಯಂಕಾಲ ನಿಂತಿತು. ಮೂರನೆಯ ದಿನ ಬೆಳಗ್ಗೆ ಹನ್ನೆರಡು ಮರಳಿನ ಮೂಟೆ ಹೇರಿ ಬಿಟ್ಟು ನೋಡಿದೆ. ಎರಡು ದಿಬ್ಬವನ್ನೂ ಹಾರಿಕೊಂಡು ಬಂತು! ಮೂರು ಸಲ ಬಿಟ್ಟೆ, ಮೂರು ಸಲವೂ ಬಂತು. ಮೂಟೆ ಇಳಿಸಿ ಜನರನ್ನು ಕೂರಿಸಿದೆ. ನಿಂತಿತು. ಮೂಟೆಗಿರುವ ಯೋಗ್ಯತೆ ಮನುಷ್ಯರಿಗಿಲ್ಲವಲ್ಲ ಎಂದು ತಲೆ ಕೆಟ್ಟು ಗೊಬ್ಬರವಾಯಿತು.

ಆ ಹೊತ್ತಿಗೇ ಕಂಠಪ್ಪ ಬರಬೇಕೆ! ಡೇರೆಯ ಹಗ್ಗ ಹಿಡಿದು ನಿಂತು, ಜನರೆಲ್ಲ ಕೇಳುವಂತೆ ಹೇಳಿದ: "ಟೇಸನ್ನು ಎಲ್ಲೈತೆ ಅಂತ ಹತ್ತು ವರ್ಸದಿಂದ ಕೇಳ್ತಿದ್ದೆ. ಇಲ್ಲೇ ಐತೆ ಬುಡಿ. ದಿನಾ ಇಲ್ಲೇ ನಿಲ್ತದಲ್ಲ!"

ಜನ ಬಿದ್ದು ಬಿದ್ದು ನಕ್ಕರು. ನನ್ನ ಸಿಟ್ಟು ನೆತ್ತಿಗೇರಿತು. ಕಂಠಪ್ಪನ ಮೇಲೆ ಏರಿದ್ದು, ಇಳಿದದ್ದು ಮಾತ್ರ ಪಕ್ಕದಲ್ಲಿ ನಿಂತಿದ್ದ ಇಮಾಮ್ ಸಾಬರ ಮೇಲೆ. "ನನ್ ಲೆಕ್ಕ ಸರಿಯಾಗೇ ಇದೆ. ಗಾಲಿನೇ ಸರಿಯಿಲ್ಲ! ವಯಸ್ಸಾಯ್ತು, ಇವರ ಕೈ ಬಿದ್ದೋಗಿದೆ!" ಎಂದು ಕೂಗಿಬಿಟ್ಟೆ.

ನಗು ನಿಂತಿತು. ಗುಂಪಿನಲ್ಲಿ ಕೋಟೆ ಕಡೆಯ ಸಣ್ಣಬೀರಯ್ಯನಿದ್ದ, ಸಾಬರಿಗೆ ಒಂದು ಜೋಡಿ ಗಾಲಿ ಮಾಡಲು ಹೇಳಿದ್ದವನು. ಅವನು ಕತ್ತು ಕೆರೆದುಕೊಂಡು, "ಅಂಗಾದ್ರೆ ನನ್ ಜೋಡಿ ಸದ್ಯಕ್ ಬ್ಯಾಡ ಬುಡಿ ಸಾಬ್ರೇ," ಎಂದು ಮೆಲ್ಲಗೆ ಹೇಳಿ ಹೊರಟ. ಅವನ ಹಿಂದೆ ಇನ್ನಿಬ್ಬರು ಹೊರಟರು. ಸಾಬರು ನನ್ನನ್ನು ಒಂದು ಸಲ ನೋಡಿದರು. ಹೆಗಲ ಮೇಲಿನ ಟವಲಿನಿಂದ ಗಾಲಿಯ ಮೇಲಿನ ಧೂಳು ಒರೆಸಿ ಮನೆಗೆ ಹೋದರು.

ನಾಲ್ಕನೆಯ ದಿನ ಅವರ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಮೂವತ್ತು ವರ್ಷದಲ್ಲಿ ಹಬ್ಬ, ಸಾವು ಬಿಟ್ಟರೆ ಆ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅವ್ವ ಮುದ್ದೆ ತಟ್ಟೆಗೆ ಹಾಕುತ್ತ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ನಿಮ್ಮಪ್ಪನ್ ಗಾಡಿ ಇಪ್ಪತ್ ವರ್ಸ ಓಡ್ತಲ್ಲ, ಯಾರ್ ಗಾಲಿ ಮ್ಯಾಲೆ ಕಣ್ಲಾ?" ಎಂದಳು. ತಟ್ಟೆ ಪಕ್ಕಕ್ಕೆ ಸರಿಸಿದೆ. ಹೋಗಿ ಕಾಲು ಹಿಡಿಯಬೇಕು ಎಂದು ಎದ್ದೆ, ಅವರ ಬೀದಿಯ ತಿರುವಿನವರೆಗೂ ಹೋದೆ. ಅಲ್ಲಿಂದಲೇ ವಾಪಸು ಬಂದೆ. ಸಿಟ್ಟು ಬೇಗ ಬರುವವನಿಗೆ ಕ್ಷಮೆ ಕೇಳುವ ಮಾತು ಬೇಗ ಬರುವುದಿಲ್ಲ.

ಐದನೆಯ ದಿನ, ಪ್ರದರ್ಶನದ ಕೊನೆಯ ದಿನ, ಮಧ್ಯಾಹ್ನ ಅವರೇ ಬಂದರು. ಕೈಯಲ್ಲಿ ಮರ ಕೆತ್ತುವ ಬಾಚಿ. ಅವರ ತಂದೆಯ ಕಾಲದ್ದು, ಹಿಡಿ ನಡುವೆ ಸವೆದು ಸೊಂಟದ ಹಾಗೆ ಸಣ್ಣಗಾಗಿತ್ತು. ಅದನ್ನು ನನ್ನ ಕೈಗೆ ಕೊಟ್ಟರು.

"ಇವತ್ತು ನಾನೇ ಕೂರ್ತೀನಿ. ಎಲ್ರೂ ನೋಡ್ಲಿ. ಓಡಿದ್ರೆ ಇದನ್ನ ವಾಪಸ್ ಕೊಡು. ನಿಂತ್ರೆ ನೀನೇ ಇಟ್ಕೋ, ನಾನು ಇನ್ನು ಮರ ಮುಟ್ಟಲ್ಲ. ಅಟ್ಟದ ಮೇಲೆ ಬೇಡ, ದಿಬ್ಬದ ಪಕ್ಕ ನಿಂತು ನನ್ ಗಾಲಿ ಏನ್ ತಪ್ಪು ಮಾಡ್ತದೆ ಅಂತ ಕಣ್ಣಾರೆ ನೋಡು."

ಬೇಡ ಸಾಬ್ರೇ ಎಂದೆ. ಅವರು ಆಗಲೇ ಏಣಿ ಹತ್ತುತ್ತಿದ್ದರು.

ಸನ್ನೆಗೋಲನ್ನು ಬೇರೆಯವರಿಗೆ ಒಪ್ಪಿಸಿ ಎರಡನೇ ದಿಬ್ಬದ ಪಕ್ಕ ನಿಂತೆ. ಬಂತು ರೈಲು. ಏನು ರಭಸ! ಗಾಲಿ ಒಂದು ಚೂರೂ ಅಲುಗದೆ ಹಳಿ ಕಚ್ಚಿಕೊಂಡು ತಗ್ಗು ದಾಟಿ ಏರಿಗೆ ಬಿತ್ತು. ಏರುತ್ತ ಏರುತ್ತ ವೇಗ ಇಳಿದು ಎತ್ತಿನ ನಡಿಗೆಗೆ ಬಂತು. ಇನ್ನು ನಾಲ್ಕು ಮಾರು, ದಾಟಿಬಿಡುತ್ತದೆ! ಆಗ ಮುಂದಿನ ಬಂಡಿಯಲ್ಲಿ ಇಮಾಮ್ ಸಾಬರು ಲುಂಗಿ ಎತ್ತಿ ಕಟ್ಟಿದರು, ಪಕ್ಕದ ಹಲಗೆ ಹಿಡಿದರು, ಕಾಲು ಹೊರಗೆ ಹಾಕಿ ಮೆಲ್ಲಗೆ ಇಳಿದರು. ಅವರ ಹಿಂದೆ ಬೀರಮ್ಮ ಇಳಿದಳು. ಇನ್ನುಳಿದ ಹತ್ತು ಜನವೂ ಎರಡೂ ಕಡೆಯಿಂದ ಇಳಿದರು. ಇಳಿಯುವಾಗ ಆಯ ತಪ್ಪದಿರಲೆಂದು ಎಲ್ಲರೂ ಬಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹನ್ನೆರಡು ಜನ ಹಿಡಿದು ಜಗ್ಗಿದರೆ ಯಾವ ರೈಲು ಹೋದೀತು? ನಿಂತಿತು.

"ಯಾಕ್ ಇಳಿದ್ರಿ?" ನನ್ನ ಕೂಗು ಆಚೆ ಊರು ಬಿಳಿಕೆರೆಗೂ ಕೇಳಿಸಿರಬೇಕು.

ಸಾಬರು ಬೆಚ್ಚಿ ತಿರುಗಿದರು. "ಏರು ಬಂತಲ್ಲಪ್ಪ."

"ಏರು ಬಂದ್ರೆ?"

"ಪಾಪ, ಎತ್ತಿಗೆ..." ಎಂದು ಕೈಯನ್ನು ಮುಂದಕ್ಕೆ ತೋರಿಸಿದರು. ತೋರಿಸಿದ ಕಡೆ ಬರೀ ಹಳಿ ಇತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿದರು. "ಯಾ ಅಲ್ಲಾ," ಎಂದರು.

ಐದು ದಿನ ನೂರಾರು ಜನ ಈ ದಿಬ್ಬದ ಪಕ್ಕ ನಿಂತು ನೋಡಿದ್ದರು. ಒಬ್ಬನೂ ನನಗೆ ಹೇಳಿರಲಿಲ್ಲ. ಹೇಳುವುದೇನಿದೆ? ಏರಿನಲ್ಲಿ ಇಳಿಯದೆ ಕಲ್ಲಿನ ಹಾಗೆ ಕೂತವನನ್ನು ಕಂಡಿದ್ದರೆ ಹೇಳುತ್ತಿದ್ದರು, ಎರಡು ಬೈಗುಳವನ್ನೂ ಸೇರಿಸಿ. ಸಾಬರು ಮೂವತ್ತು ವರ್ಷ ಮೂರು ತಾಲ್ಲೂಕಿಗೆ ಕಲಿಸಿದ ಪಾಠ ಅದು.

"ಕಾರಣ ಸಿಕ್ತಲ್ಲ! ಇನ್ನು ಯಾರೂ ಇಳೀಬೇಡಿ," ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮತ್ತೆ ಬಿಟ್ಟೆವು. ಎಂಟು ಜನ ಇಳಿದರು! "ಮನ್ಸು ಒಪ್ಪನಿಲ್ಲ ಕಣಪ್ಪ, ಕಾಲು ತಂತಾನೇ ಇಳೀತು," ಎಂದಳು ಬೀರಮ್ಮ. ಹಗ್ಗ ತಂದು ಕಟ್ಟುತ್ತೇನೆ ಎಂದರೆ, "ನಾವೇನ್ ಸಂತೆ ಕುರಿಗಳಾ?" ಎಂದು ಜಗಳಕ್ಕೆ ಬಂದರು. ಹೊತ್ತು ಇಳಿಯುತ್ತಿತ್ತು. ಡೇರೆಯವರು ಗೂಟ ಕೀಳತೊಡಗಿದ್ದರು. ಸಾಬರು ನೆಲದ ಮೇಲೆ ಕೂತು ನನ್ನ ಕೈಯಲ್ಲಿದ್ದ ಬಾಚಿಯನ್ನೇ ನೋಡುತ್ತಿದ್ದರು. ಕಾರಣ ಏನೇ ಇರಲಿ, ರೈಲು ನಿಂತಿತ್ತು; ಆಡಿದ ಮಾತಿಗೆ ತಪ್ಪುವವರಲ್ಲ ಅವರು.

ಅಷ್ಟರಲ್ಲಿ ಗುಂಪು ಸೀಳಿಕೊಂಡು ಅವ್ವ ಬಂದಳು.

"ಇಮಾಮಣ್ಣ, ಏರು ಕಂಡ್ರೆ ತಾನೆ ಇಳಿಯಾದು? ಕಾಣ್ದಂಗೆ ಕೂರ್ಸು. ಗಾಡೀಲಿ ನಾವ್ ಎಂಗಸ್ರು ಹಿಂದ್ಗಡೆ ಮುಖ ಮಾಡ್ಕಂಡು ಕೂರಲ್ವಾ? ಏರು ಬಂದದ್ದು ನಮ್ಗೆ ಗೊತ್ತಾಗಾದು, ಗಂಡಸ್ರು ಇಳೀರಿ ಅಂದ್ಮ್ಯಾಕೇ."

ಸಾಬರು ಮುಖ ಎತ್ತಿದರು. ಸರಕ್ಕನೆ ಎದ್ದರು. ಬಾಚಿ ಕೇಳಲಿಲ್ಲ, ನನ್ನ ಶೆಡ್ಡಿನಿಂದ ಸುತ್ತಿಗೆ ತರಿಸಿದರು. ಇಬ್ಬರೂ ಸೇರಿ ಕೂರುವ ಹಲಗೆಗಳನ್ನೆಲ್ಲ ಕಿತ್ತು, ಒರಗುಪಟ್ಟಿ ತಿರುಗಿಸಿ, ರೈಲಿನ ಹಿಂದಕ್ಕೆ ಮುಖವಾಗುವಂತೆ ಬಡಿದೆವು. ಒಂದು ಗಂಟೆ ಹಿಡಿಯಿತು. ನಾನು ಮೊಳೆ ಕೊಡುವುದು, ಅವರು ಹೊಡೆಯುವುದು.

ಕೊನೆಯ ಓಟಕ್ಕೆ ಹತ್ತುವಾಗ ಅವರು, "ನೀನೂ ಬಾ," ಎಂದರು. ನಾನು ಇದುವರೆಗೆ ನನ್ನ ರೈಲಿನಲ್ಲಿ ಕೂತಿರಲೇ ಇಲ್ಲ. ಸನ್ನೆಗೋಲನ್ನು ಅವ್ವ ಹಿಡಿದಳು. ಹಿಂದಿನ ಬಂಡಿಯಲ್ಲಿ ಸಣ್ಣಬೀರಯ್ಯನನ್ನೂ ಕಂಠಪ್ಪನನ್ನೂ ಜನ ಬಲವಂತವಾಗಿ ಹತ್ತಿಸಿದ್ದರು. ಬಾಚಿಯನ್ನು ತೊಡೆಯ ಮೇಲಿಟ್ಟುಕೊಂಡು ಸಾಬರ ಪಕ್ಕ ಕೂತೆ.

ಅವ್ವ ಎಳೆದಳು. ಶಿವನೇ! ಬೆನ್ನು ಮುಂದಾಗಿ ಪಾತಾಳಕ್ಕೆ ಬೀಳುವುದೆಂದರೆ ಏನು ಎಂದು ಅಂದು ತಿಳಿಯಿತು. ಕಂಠಪ್ಪ ತನ್ನ ಮನೆದೇವರನ್ನೆಲ್ಲ ಕೂಗಿದ. ತಗ್ಗು ಬಂತು, ಹೋಯಿತು. ಗಾಲಿಯ ಸದ್ದು ಮೆಲ್ಲಗಾಯಿತು. ಕಣ್ಣಿಗೆ ಏನೂ ಕಾಣಲಿಲ್ಲ, ಆದರೆ ಮೈಗೆ ತಿಳಿಯಿತು, ಏರು. ಬೈದವನು ನಾನು, ಇಳೀಬೇಡಿ ಎಂದು ಎಲ್ಲರಿಗೂ ಕೂಗಿ ಹೇಳಿದವನು ನಾನು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ನನ್ನ ಬಲಗಾಲು ತಾನಾಗಿ ಎದ್ದು ಹಲಗೆಯ ಹೊರಗೆ ಹೋಯಿತು.

ಸಾಬರ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿಯಿತು.

"ಕೂತ್ಕೋ ಬಸಣ್ಣ," ಎಂದರು. "ಎತ್ತಿಲ್ಲ."

ಕೂತೆ. ಹಿಂದಿನ ಬಂಡಿಗಳಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ರೈಲು ದಿಬ್ಬದ ನೆತ್ತಿಯ ಮೇಲೆ ಒಂದು ಗಳಿಗೆ ಯೋಚನೆ ಮಾಡಿ, ಆಚೆಗೆ ಬಿತ್ತು. ಮೂರನೆಯ ದಿಬ್ಬವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅಟ್ಟದ ಕೆಳಗೆ ಬಂದು ನಿಂತಾಗ ಮೈದಾನವೆಲ್ಲ ಕೂಗುತ್ತಿತ್ತು.

ಉಳಿದವರೆಲ್ಲ ಇಳಿದರು, ಸಾಬರೂ ನಾನೂ ಇಳಿಯಲಿಲ್ಲ. ಅವರ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು. "ಮೂರು ತಾಲ್ಲೂಕಿಗೆ ಗಾಲಿ ಕೊಟ್ಟೆ ಬಸಣ್ಣ. ಕೂತ್ಕೊಂಡು ಏರು ಹತ್ತಿದ್ದು ಇದೇ ಮೊದಲು," ಎಂದರು.

ನಾನು ಬಂಡಿಯ ಮೇಲೆಯೇ ಎದ್ದು ನಿಂತೆ. ಮೊನ್ನೆ ಕೂಗಿದ್ದಕ್ಕಿಂತ ಜೋರಾಗಿ, "ಗಾಲಿ ಸರಿಯಾಗೇ ಇದೆ! ತಪ್ಪು ನನ್ನ ಬಾಯಿದು!" ಎಂದು ಕೂಗಿದೆ. ಕೂತು ಬಾಚಿಯನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದೆ.

ಸಣ್ಣಬೀರಯ್ಯ ಕತ್ತು ಕೆರೆದುಕೊಳ್ಳುತ್ತ ಹತ್ತಿರ ಬಂದ. "ಸಾಬ್ರೇ, ನನ್ ಜೋಡಿ..."

"ಬರೋ ವಾರ ಬಾ," ಎಂದರು ಸಾಬರು, ಬಾಚಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತ. "ಏರು ಬಂದ್ರೆ ಇಳಿ, ಇಳಿಜಾರು ಬಂದ್ರೆ ಹಿಡಿ." ಒಂದು ಸಲ ನನ್ನ ಮೊಣಕಾಲು ನೋಡಿದರು. "ಮೊದ್ಲು ಮುಂದೆ ಎತ್ತು ಐತಾ ನೋಡ್ಕೋ."